ಬಿಸಿಲಿಗೆ ಬಗ್ಗದ ಬಣ್ಣ

ಪ್ರಶ್ನೆ: ದೊಡ್ಡ ಕಟ್ಟಡಗಳ ಹೊರಗಿನ ಅಲ್ಯೂಮಿನಿಯಂ ತಗಡಿನ ಬಣ್ಣ ವರ್ಷಗಟ್ಟಲೆ ಬಿಸಿಲು ತಿಂದರೂ ಮಾಸುವುದಿಲ್ಲವೇಕೆ? ಅದು ಬಾಣಲೆಯ ಟೆಫ್ಲಾನೇ?

ಟೆಫ್ಲಾನ್ ಅಲ್ಲ, ಅದರ ಹತ್ತಿರದ ನೆಂಟ. ಇಂಥ ಒಳ್ಳೆಯ ಲೇಪಗಳಲ್ಲಿ ಸಾಮಾನ್ಯವಾಗಿ ಇರುವುದು ಪಿವಿಡಿಎಫ್ ಎಂಬ ಪಾಲಿಮರ್. ಎರಡೂ ಇಂಗಾಲದ ಉದ್ದನೆಯ ಸರಪಳಿಗಳೇ. ಟೆಫ್ಲಾನಿನಲ್ಲಿ ಪ್ರತಿ ಇಂಗಾಲಕ್ಕೂ ಎರಡು ಫ್ಲೋರಿನ್. ಪಿವಿಡಿಎಫ್‌ನಲ್ಲಿ ಒಂದು ಇಂಗಾಲಕ್ಕೆ ಎರಡು ಫ್ಲೋರಿನ್, ಪಕ್ಕದ್ದಕ್ಕೆ ಎರಡು ಹೈಡ್ರೋಜನ್.

ಈ ಅರ್ಧ ಫ್ಲೋರಿನ್ನಿನಿಂದಲೇ ದೊಡ್ಡ ಅನುಕೂಲ. ತಟ್ಟೆಗೆ ಸುರಿದ ಬೆಲ್ಲದ ಪಾಕ ಮೂಲೆಮೂಲೆಗೂ ಹರಿದು, ಆರಿದ ಮೇಲೆ ಗಟ್ಟಿಯಾಗುತ್ತದಲ್ಲ, ಲೇಪವೂ ಹಾಗೇ ಹರಡಬೇಕು. ಟೆಫ್ಲಾನ್ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೂ ಹರಿಯದೆ ಮುದ್ದೆಯಾಗಿಯೇ ಕೂರುತ್ತದೆ. ಪಿವಿಡಿಎಫ್ ಸುಮಾರು 170 ಡಿಗ್ರಿಗೇ ಕರಗಿ ಹರಿಯುತ್ತದೆ. ಬಣ್ಣಕ್ಕಾಗಿ ಅದರ 70 ಪಾಲಿಗೆ 30 ಪಾಲು ಅಕ್ರಿಲಿಕ್ ಬೆರೆಸಿ, ತಗಡಿಗೆ ಬಳಿದು ಒಲೆಯಲ್ಲಿ ಬೇಯಿಸುತ್ತಾರೆ.

ಸಾಧಾರಣ ಬಣ್ಣದ ಸರಪಳಿಗಳನ್ನು ಬಿಸಿಲಿನ ನೇರಳಾತೀತ ಕಿರಣ ಕಡಿದುಹಾಕುತ್ತದೆ; ಹಳೆಯ ಗೇಟು ಸವರಿದಾಗ ಕೈಗೆ ಹತ್ತುವ ಪುಡಿ ಅದೇ. ಇಂಗಾಲ-ಫ್ಲೋರಿನ್ ಬೆಸುಗೆ ಮಾತ್ರ ಆ ಕಿರಣಕ್ಕೆ ಬಗ್ಗುವುದಿಲ್ಲ.

ಆದರೆ ಇಂಥ ತಗಡನ್ನು ಬೆಂಕಿಗೆ ಹಾಕಲೇಬೇಡಿ. ಅತಿಯಾಗಿ ಕಾದರೆ ಫ್ಲೋರಿನ್ ಹೈಡ್ರೋಜನ್ ಜೊತೆ ಸೇರಿ ಹೈಡ್ರೋಜನ್ ಫ್ಲೋರೈಡ್ ಎಂಬ ವಿಷಾನಿಲವಾಗಿ ಹೊರಬರುತ್ತದೆ.