ಬ್ಯಾಟರಿ ಕಾರಿನಲ್ಲಿ ಊರಿನ ದಾರಿ
ಡೊಂಬಿವಲಿ, ಕಲ್ಯಾಣ, ಥಾಣೆ, ನವಿಮುಂಬಯಿಯ ಅನೇಕ ಕನ್ನಡಿಗರಿಗೆ ಗಣೇಶನ ಹಬ್ಬವೆಂದರೆ ಊರಿನ ಪಯಣ. ಪುಣೆ, ಸಾತಾರಾ, ಕೊಲ್ಹಾಪುರ ದಾಟಿ ಬೆಳಗಾವಿಗೆ ಸುಮಾರು 500 ಕಿ.ಮೀ. ಈಗ ಆ ಹಾದಿಗೆ ವಿದ್ಯುತ್ ಕಾರುಗಳೂ ಇಳಿದಿವೆ.

ಹೆದ್ದಾರಿಯ ಎರಡೂ ಬದಿ ಪ್ರತಿ 25 ಕಿ.ಮೀ.ಗೊಂದು ಚಾರ್ಜಿಂಗ್ ಕೇಂದ್ರವಿರಬೇಕೆಂದು ಕೇಂದ್ರ ಸರ್ಕಾರ 2018ರಲ್ಲೇ ಮಾರ್ಗಸೂಚಿ ಹೊರಡಿಸಿತು. ಆದರೆ ಕೇಂದ್ರ ಇರುವುದು ಬೇರೆ, ಹೋದಾಗ ಅದು ನಡೆಯುತ್ತಿರುವುದು ಬೇರೆ. ಜೊತೆಗೆ ಹಬ್ಬದ ಸರತಿ, ಕಂಪನಿಗೊಂದು ಆ್ಯಪ್.

ಖಂಡಾಳಾ, ಖಂಬಾಟ್ಕಿ ಘಾಟಿನ ಏರು ಬ್ಯಾಟರಿಯನ್ನು ಬೇಗ ಹೀರುತ್ತದೆ. ಇಳಿಜಾರು ಸ್ವಲ್ಪವಷ್ಟೇ ಮರಳಿಸುತ್ತದೆ. ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ 20 ಪ್ರತಿಶತಕ್ಕಿಂತ ಕೆಳಗಿಳಿಯಲು ಬಿಡಬೇಡಿ. ಮುಂದಿನ ಕೇಂದ್ರದೊಂದಿಗೆ ಬದಲಿ ಕೇಂದ್ರವನ್ನೂ ಗುರುತಿಸಿಕೊಳ್ಳಿ. 80 ದಾಟಿದ ಮೇಲೆ ಚಾರ್ಜಿಂಗ್ ನಿಧಾನ. ಪ್ಲಗ್ ತೆಗೆದು ಹಿಂದಿನವರಿಗೆ ಜಾಗ ಬಿಡಿ. ಅವರೂ ಊರಿಗೇ ಹೊರಟವರು.