ಸಮುದ್ರದ ಲೆಕ್ಕ ನಮ್ಮ ನಾಲೆ ಏರಿಗೂ ಬರಲಿ

ಮಂಡ್ಯಕ್ಕೂ ಸಮುದ್ರಕ್ಕೂ ಏನು ಸಂಬಂಧ ಸ್ವಾಮಿ, ಮಂಗಳೂರಿನವರಿಗೆ ಹೇಳಬೇಕಾದ್ದನ್ನು ನಮಗ್ಯಾಕೆ ಹೇಳ್ತೀರಿ ಎಂದು ಮದ್ದೂರಿನ ಅಂಗಡಿಯವರು ಕೇಳಬಹುದು. ಸಂಬಂಧ ಇದೆ. ಸ್ವಲ್ಪ ತಾಳ್ಮೆಯಿಂದ ಓದಿ.

ಕಡಲಲ್ಲಿ ಜೀವ ಉಳಿಸುವವರ ಲೆಕ್ಕ ಒಂದಿದೆ. ಇಂಜಿನ್ ಕೆಟ್ಟ ದೋಣಿಯೊಂದು 2 ನಾಟ್ ವೇಗದಲ್ಲಿ ತೇಲಿಕೊಂಡು ಹೋಗ್ತಾ ಇದೆ. 9 ನಾಟಿಕಲ್ ಮೈಲಿ ಹಿಂದಿನಿಂದ ರಕ್ಷಣಾ ಹಡಗು 20 ನಾಟ್ ವೇಗದಲ್ಲಿ ಅಟ್ಟಿಸಿಕೊಂಡು ಬರುತ್ತದೆ. ಎಷ್ಟು ಹೊತ್ತಿಗೆ ಸಿಕ್ಕೀತು? ಒಂದು ನಾಟ್ ಅಂದರೆ ಗಂಟೆಗೆ 1.852 ಕಿಲೋಮೀಟರ್. ಆದರೆ ಇಲ್ಲಿ ಅದರ ಗೊಡವೆಯೇ ಬೇಡ. 20ರಲ್ಲಿ 2 ಕಳೆದರೆ 18. ಒಂಬತ್ತನ್ನು ಹದಿನೆಂಟರಿಂದ ಭಾಗಿಸಿದರೆ ಅರ್ಧ ಗಂಟೆ. ಆರನೇ ಕ್ಲಾಸಿನ ಹುಡುಗ ಮಾಡುವ ಲೆಕ್ಕ. ಆದರೆ ಉತ್ತರ ತಪ್ಪಿದರೆ ಹೋಗುವುದು ಮಾರ್ಕು ಅಲ್ಲ, ಮನುಷ್ಯ.

ಬ್ರಿಟನ್ನಿನಲ್ಲಿ 1824ರಲ್ಲಿ ಶುರುವಾದ ರಾಯಲ್ ನ್ಯಾಷನಲ್ ಲೈಫ್‌ಬೋಟ್ ಸಂಸ್ಥೆ ಸಮುದ್ರದಲ್ಲಿ ಸಿಕ್ಕಿಬಿದ್ದವರನ್ನು ಎತ್ತಿ ತರುವುದನ್ನೇ ಕಾಯಕ ಮಾಡಿಕೊಂಡಿದೆ. ನಡೆಯುವುದು ಹೆಚ್ಚಾಗಿ ದಾನಿಗಳ ಹಣದಲ್ಲಿ, ಸ್ವಯಂಸೇವಕರ ಬಲದಲ್ಲಿ. ಶಾಲೆ ಮಕ್ಕಳಿಗೆ ನೀರಿನ ಎಚ್ಚರ ಕಲಿಸುವುದೂ ಅದರ ಕೆಲಸ. ನಮ್ಮಲ್ಲಿ ಕರಾವಳಿ ಕಾವಲು ಪಡೆ ಹುಟ್ಟಿದ್ದು 1977ರಲ್ಲಿ. ಕಡಲಲ್ಲಿ ಆಪತ್ತು ಬಂದರೆ ಕರೆಯಬೇಕಾದ ನಂಬರು 1554.

ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ನೆನಪಿರಬಹುದು. 2018ರ ಡಿಸೆಂಬರ್‌ನಲ್ಲಿ ಏಳು ಮಂದಿ ಮೀನುಗಾರರ ಸಮೇತ ಕಾಣೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣ್ ಕಡಲಿನ ತಳದಲ್ಲಿ ನೌಕಾಪಡೆಗೆ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಅಷ್ಟು ದಿನ ಏನು ಮಾಡ್ತಿದ್ದರು ಎಂದು ದಡದಲ್ಲಿ ನಿಂತವರು ಕೇಳುವುದು ಸಹಜ. ವೃತ್ತದ ಲೆಕ್ಕ ಹಾಕಿ ನೋಡಿ. ಕೆಟ್ಟು ನಿಂತ ದೋಣಿಯೊಂದು ಗಂಟೆಗೆ 3 ಕಿ.ಮೀ. ತೇಲಿತು, ಯಾವ ದಿಕ್ಕಿಗೆಂದು ಗೊತ್ತಿಲ್ಲ ಎನ್ನೋಣ. ಒಂದು ಗಂಟೆ ಕಳೆದರೆ ಹುಡುಕಬೇಕಾದ ಜಾಗ 28 ಚದರ ಕಿ.ಮೀ. ಎರಡು ಗಂಟೆಗೆ ಅದು ಎರಡು ಪಟ್ಟಲ್ಲ, ನಾಲ್ಕು ಪಟ್ಟು, 113. ಐದು ಗಂಟೆಗೆ 700 ದಾಟುತ್ತದೆ. ಸುದ್ದಿ ತಡವಾದಷ್ಟೂ ಹುಡುಕುವ ಜಾಗ ಹೀಗೆ ಬೆಳೆಯುತ್ತದೆ. ಮಗ್ಗಿ ಬಾಯಿಪಾಠ ಮಾಡಿಸಿದರೆ ಈ ಮಾತು ಮಕ್ಕಳ ತಲೆಗೆ ಹೋಗುವುದಿಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಮೂರು ವೃತ್ತ ಬರೆಸಿದರೆ ಹೋಗುತ್ತದೆ.

ಈಗ ನಮ್ಮ ಊರಿಗೆ ಬರೋಣ.

ನಮಗೆ ಕಡಲಿಲ್ಲ. ಆದರೆ ಕಾವೇರಿ ಇದ್ದಾಳೆ, ಮದ್ದೂರಿನ ಪಕ್ಕದಲ್ಲಿ ಶಿಂಷೆ ಇದ್ದಾಳೆ, ಮಳವಳ್ಳಿ ಕಡೆಯವರಿಗೆ ಮುತ್ತತ್ತಿ, ಶಿವನಸಮುದ್ರ ಇದೆ, ಕೆರೆಗಳಿವೆ. ಎಲ್ಲಕ್ಕಿಂತ ಮೇಲಾಗಿ ವಿಶ್ವೇಶ್ವರಯ್ಯ ನಾಲೆ, ನಮ್ಮ ಅನ್ನದ ನಾಲೆ. 2018ರ ನವೆಂಬರ್ 24ರ ಶನಿವಾರ ಈ ಜಿಲ್ಲೆಯವರು ಮರೆಯುವ ದಿನವಲ್ಲ. ರಾತ್ರಿ ಅಂಬರೀಶ್ ತೀರಿಕೊಂಡ ಸುದ್ದಿ ಬಂತು. ಅದಕ್ಕೆ ಮೊದಲೇ, ಮಧ್ಯಾಹ್ನ, ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸು ನಾಲೆಗೆ ಬಿದ್ದು 30 ಜನ ಸತ್ತಿದ್ದರು. ಅವರಲ್ಲಿ ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಬಸ್ಸು ಮುಳುಗಿದಾಗ ಮಕ್ಕಳ ಲೆಕ್ಕದ ಪುಸ್ತಕ ಕೆಲಸಕ್ಕೆ ಬಾರದು, ಅಲ್ಲಿ ಬೇಕಾದ್ದು ತಡೆಗೋಡೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆ ಕೆಲಸ ಸರ್ಕಾರದ್ದು.

ಆದರೆ ಒಬ್ಬೊಬ್ಬರಾಗಿ ಹೋಗುವವರ ಕಥೆ ಬೇರೆ. ಬಟ್ಟೆ ಒಗೆಯಲು, ದನ ಮೈ ತೊಳೆಯಲು, ಈಜಲು ಹೋದವರು. ಒಬ್ಬ ಜಾರಿದ, ಅವನನ್ನು ಎಳೆಯಲು ಇನ್ನೊಬ್ಬ ಹಾರಿದ, ಅವನ ಹಿಂದೆ ಮತ್ತೊಬ್ಬ. ಈ ಸುದ್ದಿ ಎಷ್ಟು ಸಲ ಓದಿಲ್ಲ ನಾವು! ಹಾರಿದವನಿಗೆ ಧೈರ್ಯ ಕಮ್ಮಿ ಇರಲಿಲ್ಲ. ಲೆಕ್ಕ ಗೊತ್ತಿರಲಿಲ್ಲ ಅಷ್ಟೆ.

ಆ ಲೆಕ್ಕ ಹೀಗೆ. ಮೇಷ್ಟರು ಮಕ್ಕಳನ್ನು ದೊಡ್ಡ ನಾಲೆಗೆ ಕರೆದೊಯ್ಯುವುದೇ ಬೇಡ, ಗದ್ದೆಗೆ ನೀರು ಬಿಡುವ ಮೊಣಕಾಲುದ್ದದ ಕಾಲುವೆ ಸಾಕು. ದಡದಲ್ಲಿ 30 ಮೀಟರ್ ಅಳೆದು ಎರಡು ಗೂಟ ನೆಡಿ. ತೆಂಗಿನ ಮಟ್ಟೆಯ ತುಂಡೊಂದನ್ನು ತೇಲಿಬಿಟ್ಟು ಸೆಕೆಂಡು ಎಣಿಸಿ. 20 ಸೆಕೆಂಡಿಗೆ ಎರಡನೇ ಗೂಟ ದಾಟಿದರೆ ನೀರಿನ ವೇಗ ಸೆಕೆಂಡಿಗೆ ಒಂದೂವರೆ ಮೀಟರ್. ಅದೇನು ಮಹಾ, ಗಂಟೆಗೆ 5.4 ಕಿ.ಮೀ., ಸಂತೆಗೆ ನಡೆದು ಹೋಗುವ ವೇಗ ಅನ್ನಿಸುತ್ತದೆ. ಆದರೆ ಸಾಮಾನ್ಯ ಈಜುಗಾರ ಸೆಕೆಂಡಿಗೆ ಒಂದು ಮೀಟರ್ ಈಜಿದರೆ ದೊಡ್ಡದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಚೀನಾದ ಪಾನ್ ಝಾನ್ಲೆ 100 ಮೀಟರನ್ನು 46.40 ಸೆಕೆಂಡಿನಲ್ಲಿ ಈಜಿ ವಿಶ್ವದಾಖಲೆ ಮಾಡಿದರು. ಅವರ ವೇಗವೂ ಸೆಕೆಂಡಿಗೆ ಎರಡು ಮೀಟರಿನ ಮೇಲೆ ಚೂರು, ಅದೂ ನಿಂತ ನೀರಿನಲ್ಲಿ, ಮುಕ್ಕಾಲು ನಿಮಿಷದ ಮಟ್ಟಿಗೆ. ಇನ್ನು ನಮ್ಮ ಹುಡುಗ ಪ್ಯಾಂಟು ಹಾಕಿಕೊಂಡು ಹರಿವಿಗೆ ಎದುರಾಗಿ ಈಜಿ ಬಂದಾನೆಯೇ? ಬಂದರೂ ಕಾಂಕ್ರೀಟು ಹಾಕಿದ ಇಳಿಜಾರಿನಲ್ಲಿ ಪಾಚಿ ಕಟ್ಟಿದ್ದರೆ ಕೈಗೆ ಹಿಡಿತ ಸಿಗದು.

“ಲೋ, ಮುಳುಗ್ತಾವ್ನೆ ಕಣ್ಲಾ, ಊರೊಳಕ್ಕೆ ಓಡ್ಲಾ, ಹಗ್ಗ ತತ್ತಾ!” ಎಂದು ಕೂಗುತ್ತಾರಲ್ಲ, ಅದನ್ನೂ ಲೆಕ್ಕ ಹಾಕಿ. ಹೋಗಿ ಬರಲು 4 ನಿಮಿಷ. ಅಂದರೆ 240 ಸೆಕೆಂಡ್. ಅಷ್ಟರಲ್ಲಿ ನೀರಿನಲ್ಲಿರುವವನು 360 ಮೀಟರ್ ಕೆಳಗೆ ಹೋಗಿರುತ್ತಾನೆ. ಹಗ್ಗ ಹಿಡಿದು ಬಿದ್ದ ಜಾಗಕ್ಕೆ ಬಂದರೆ ಅಲ್ಲಿ ಬರೀ ನೀರು. ಬದಲಿಗೆ, ಏರಿ ಮೇಲೆಯೇ ಕೈಗೆ ಸಿಗುವಂತೆ ಹಗ್ಗವೊಂದು ಇದ್ದಿದ್ದರೆ? ಅವನು 30 ಮೀಟರ್ ಮುಂದಿದ್ದಾನೆ, ನೀವು ಸೆಕೆಂಡಿಗೆ 3 ಮೀಟರ್ ಓಡುತ್ತೀರಿ. ಮೂರರಲ್ಲಿ ಒಂದೂವರೆ ಕಳೆದು ಭಾಗಿಸಿ: 20 ಸೆಕೆಂಡಿಗೆ ಅವನ ಸಮಕ್ಕೆ ಬರುತ್ತೀರಿ. ಮೇಲೆ ಹೇಳಿದ ಹಡಗಿನ ಲೆಕ್ಕ ಇದೇ ಅಲ್ಲವೇ!

ಬಸ್ಸಿನಲ್ಲಿ ದಿನಾ ಓಡಾಡುವವರಿಗೆ ಇನ್ನೊಂದು. ಮಂಡ್ಯದಿಂದ ಮದ್ದೂರಿಗೆ ಸುಮಾರು 20 ಕಿ.ಮೀ. ಎಲ್ಲೂ ನಿಲ್ಲದೆ 60ರ ವೇಗದಲ್ಲಿ ಬಂದರೂ 20 ನಿಮಿಷ. ಉಸಿರು ನಿಂತ ಮೇಲೆ ಮೆದುಳಿಗೆ ಪೆಟ್ಟು ಬೀಳಲು ನಾಲ್ಕೈದು ನಿಮಿಷ ಸಾಕು. 112ಕ್ಕೆ ಫೋನ್ ಮಾಡಲೇಬೇಕು, ಮೊದಲು ಮಾಡಬೇಕು. ಆದರೆ ಅಷ್ಟು ದೂರದಿಂದ ಬರುವವರು ಬರುವ ತನಕದ ಹೊತ್ತು ದಡದಲ್ಲಿ ನಿಂತವರದ್ದೇ.

ಕಿರಾಣಿ ಅಂಗಡಿಯವರಿಗೆ ಈ ಮಾತು. ಖಾಲಿಯಾದ ಎಣ್ಣೆ ಕ್ಯಾನು ಗುಜರಿಗೆ ಹಾಕುತ್ತೀರಲ್ಲ, ಅದು ಒಂದು ಜೀವದ ಬೆಲೆಯದು. ಒಂದು ಲೀಟರ್ ನೀರು ಒಂದು ಕೆ.ಜಿ. ತೂಕ. ಮುಚ್ಚಳ ಬಿಗಿದ 5 ಲೀಟರ್ ಕ್ಯಾನನ್ನು ನೀರಲ್ಲಿ ಅದುಮಿದರೆ ಹತ್ತಿರಹತ್ತಿರ 5 ಕೆ.ಜಿ. ಬಲದಲ್ಲಿ ಮೇಲಕ್ಕೆ ಒತ್ತುತ್ತದೆ. ಅರವತ್ತು ಕೆ.ಜಿ. ಆಳಿಗೆ ಐದು ಕೆ.ಜಿ. ಎಲ್ಲಿಗೆ ಸಾಕು ಎಂದೀರಿ. ಸಾಕು ಸ್ವಾಮಿ. ಮೈಯ ಬಹುಪಾಲನ್ನು ನೀರೇ ಹೊರುತ್ತದೆ, ಮುಖ ಮೇಲಿರಿಸಲು ಬೇಕಾದ್ದು ಕೆಲವೇ ಕೆ.ಜಿ. ದಡದ ಹತ್ತಿರ ಬಳಸುವ ಹಗುರ ತೇಲುಜಾಕೆಟ್ಟಿನ ಬಲವೂ ಸುಮಾರು ಇಷ್ಟೇ. ಕ್ಯಾನಿನೊಳಗೆ ಒಂದು ಲೋಟದಷ್ಟು ನೀರು ಬಿಟ್ಟರೆ ಗಾಳಿಗೆ ವಾಲದೆ ದೂರ ಬೀಳುತ್ತದೆ. ಹಿಡಿಗೆ ಹಗ್ಗ ಕಟ್ಟಿ. ಎಷ್ಟುದ್ದ? ದಡದಿಂದ 12 ಮೀಟರ್ ಆಚೆ, 9 ಮೀಟರ್ ಕೆಳಗೆ ತೇಲುವವನಿಗೆ ಓರೆಯಾಗಿ 15 ಮೀಟರ್ ಬೇಕು. ಪೈಥಾಗೊರಸ್ ಪ್ರಮೇಯ ಯಾವ ಕೆಲಸಕ್ಕೆ ಬರುತ್ತೆ ಎಂದು ಗೊಣಗುವ ಹುಡುಗರಿಗೆ ಇದಕ್ಕಿಂತ ಉತ್ತರ ಬೇಕೆ? ಎಸೆಯುವವನು ನೆಲದ ಮೇಲೆ ಮಲಗಿಯೋ ಕೂತೋ ಎಳೆಯಬೇಕು, ನಿಂತು ಎಳೆದರೆ ಅವನೂ ಒಳಕ್ಕೆ.

ಇನ್ನು ಕ್ಯೂಸೆಕ್. ಕನ್ನಂಬಾಡಿ ಅಣೆಕಟ್ಟಿನ ಮಟ್ಟ 124.80 ಅಡಿ ಮುಟ್ಟಿತೇ, ಹೊರಹರಿವು ಎಷ್ಟು ಎಂದು ಟೀ ಅಂಗಡಿಯಲ್ಲಿ ದಿನಾ ಮಾತಾಡುತ್ತೇವೆ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, 28.3 ಲೀಟರ್. ಸಾವಿರ ಕ್ಯೂಸೆಕ್ ಎಂದರೆ 5 ಸಾವಿರ ಲೀಟರಿನ ಟ್ಯಾಂಕರುಗಳು ಐದೂವರೆಗೂ ಮಿಕ್ಕಿ, ಪ್ರತಿ ಸೆಕೆಂಡಿಗೆ! ನೀರಿನ ವೇಗ ಎರಡು ಪಟ್ಟಾದರೆ ಕಾಲಿಗೆ ಬೀಳುವ ಒತ್ತಡ ನಾಲ್ಕು ಪಟ್ಟು. ಮುತ್ತತ್ತಿಗೆ ಟೂರ್ ಹೊರಟ ಮಕ್ಕಳು ಅಂದಿನ ಹೊರಹರಿವನ್ನು ಪೇಪರಿನಲ್ಲಿ ನೋಡಿ ಟ್ಯಾಂಕರಿಗೆ ಪರಿವರ್ತಿಸಿಕೊಂಡು ಹೋದರೆ ಬಂಡೆಯಿಂದ ಬಂಡೆಗೆ ಹಾರುವ ಉತ್ಸಾಹ ತಾನಾಗಿ ಇಳಿದೀತು.

2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಶಾಲೆ ಮಕ್ಕಳಿಗೆ ಈಜು, ನೀರಿನ ಎಚ್ಚರ, ಅಪಾಯವಿಲ್ಲದೆ ಪಾರುಮಾಡುವ ವಿಧಾನ ಕಲಿಸಿ ಎಂದು ಅದು ಹೇಳುತ್ತಲೇ ಇದೆ. ಅದೇ ವರ್ಷ ವಿಶ್ವಸಂಸ್ಥೆ ಜುಲೈ 25ನ್ನು ಇದಕ್ಕಾಗಿಯೇ ಗೊತ್ತುಮಾಡಿತು. ನಾಲೆಗೆ ನೀರು ಬಿಡುವ ಕಾಲವೂ ಹೆಚ್ಚುಕಮ್ಮಿ ಅದೇ ಹೊತ್ತಿನದು. ಆ ವಾರ ಗಣಿತದ ಒಂದು ಪೀರಿಯಡ್ಡು ಶಾಲೆಯ ಆಟದ ಮೈದಾನದಲ್ಲಿ, ಕ್ಯಾನು ಹಗ್ಗದ ಜೊತೆ ನಡೆಯಲಿ. ಖರ್ಚು ಒಂದು ಹಗ್ಗದ್ದು.

ಬಸ್ಸಿನಲ್ಲಿ ಕೂತವರಿಗೆ ಒಂದು ಲೆಕ್ಕ ಬಿಟ್ಟು ಹೋಗುತ್ತೇನೆ. ನೀರಿನ ವೇಗ ಸೆಕೆಂಡಿಗೆ ಒಂದೂವರೆ ಮೀಟರ್. ನೀವು ಎಸೆದ ಕ್ಯಾನು ನೀರಿಗೆ ಬೀಳಲು 2 ಸೆಕೆಂಡ್. ತೇಲುವವನು ಈಗ ಇರುವ ಜಾಗದಿಂದ ಎಷ್ಟು ಮುಂದಕ್ಕೆ ಗುರಿಯಿಡಬೇಕು? ಪಕ್ಕದ ಸೀಟಿನ ಸ್ಕೂಲು ಹುಡುಗನನ್ನು ಕೇಳಿ. 3 ಮೀಟರ್ ಎಂದರೆ ಸರಿ.