ಕಾಲುವೆಯ ನೀರಿನಿಂದ ಕರೆಂಟು: ಅಡ್ಡಿ ಎಲ್ಲಿದೆ?

ಗಂಗಾವತಿ ಕಡೆಯಿಂದ ಬರುವ ಸಹಪಾಠಿಗಳಿಗೆ ತುಂಗಭದ್ರಾ ಎಡದಂಡೆ ಕಾಲುವೆ ಹೊಸದಲ್ಲ. ಅದರ ನೀರಿನಿಂದ ಭತ್ತ ಬೆಳೆಯುವುದು ಎಲ್ಲರಿಗೂ ಗೊತ್ತು. ಅದೇ ನೀರು ಹೊಲ ಸೇರುವ ಮೊದಲು ವಿದ್ಯುತ್ತನ್ನೂ ಕೊಡುತ್ತದೆ ಎಂಬುದು ಹಲವರಿಗೆ ಗೊತ್ತಿಲ್ಲ. ಅಣೆಕಟ್ಟಿನ ಪಕ್ಕದ ಮುನಿರಾಬಾದಿನಲ್ಲಿ 28 ಮೆಗಾವ್ಯಾಟ್‌ನ ವಿದ್ಯುದಾಗಾರವಿದೆ. ಮುಂದೆ ಶಿವಪುರದ ಬಳಿ ಇದೇ ಕಾಲುವೆಯ ಮೇಲೆ 18 ಮೆಗಾವ್ಯಾಟ್‌ನ ಖಾಸಗಿ ಘಟಕವಿದೆ.

ಇದು ಹೇಗೆ ಸಾಧ್ಯ? ನೆಲ ತಗ್ಗಾಗುವ ಕಡೆ ಕಾಲುವೆಗೆ ಮೆಟ್ಟಿಲಿನಂತಹ ಇಳಿತ ಕಟ್ಟುತ್ತಾರೆ. ಅಲ್ಲಿ ಧುಮುಕುವ ನೀರಿನ ಶಕ್ತಿ ನೊರೆಯಾಗಿ ವ್ಯರ್ಥವಾಗುತ್ತದೆ. ನಮ್ಮ ಭೌತಶಾಸ್ತ್ರದ ಲೆಕ್ಕ ಹಾಕೋಣ: ಸೆಕೆಂಡಿಗೆ 10 ಘನ ಮೀಟರ್ ನೀರು 3 ಮೀಟರ್ ಇಳಿದರೆ 9.81 × 10 × 3, ಅಂದರೆ ಸುಮಾರು 294 ಕಿಲೋವ್ಯಾಟ್. ಯಂತ್ರದ ದಕ್ಷತೆ ಶೇ. 80 ಎಂದುಕೊಂಡರೂ 235 ಕಿಲೋವ್ಯಾಟ್ ಸಿಗುತ್ತದೆ. ಹೊಸ ಅಣೆಕಟ್ಟು ಬೇಡ, ಯಾವ ಊರೂ ಮುಳುಗುವುದಿಲ್ಲ.

ತೊಡಕಿರುವುದು ಅನುಮತಿಗಳಲ್ಲಿ. 2006ರ ಅಧಿಸೂಚನೆಯಂತೆ 25 ಮೆಗಾವ್ಯಾಟ್‌ಗಿಂತ ಚಿಕ್ಕ ಜಲವಿದ್ಯುತ್ ಯೋಜನೆಗೆ ಕೇಂದ್ರದ ಪರಿಸರ ಪೂರ್ವಾನುಮತಿ ಬೇಕಿಲ್ಲ. ಆದರೂ ಯೋಜನೆಯ ಹಂಚಿಕೆ, ಕಾಲುವೆ ಬಳಕೆ, ವಿದ್ಯುತ್ ಜಾಲದ ಸಂಪರ್ಕ, ದರ ಒಪ್ಪಂದ ಹೀಗೆ ಒಂದೊಂದಕ್ಕೂ ಒಂದೊಂದು ಕಚೇರಿ. 200 ಕಿಲೋವ್ಯಾಟ್‌ನ ಘಟಕಕ್ಕೂ ದೊಡ್ಡ ಘಟಕದಷ್ಟೇ ಅಲೆದಾಟವಾದರೆ ಖರ್ಚು ಹುಟ್ಟುವುದಿಲ್ಲ. ಅಮೆರಿಕ 2013ರಲ್ಲಿ ಕಾನೂನು ಮಾಡಿ, ಈಗಾಗಲೇ ಇರುವ ಕಾಲುವೆ, ಕೊಳವೆಗಳ ಮೇಲಿನ 5 ಮೆಗಾವ್ಯಾಟ್‌ವರೆಗಿನ ಅರ್ಹ ಘಟಕಗಳಿಗೆ ಕೇಂದ್ರದ ಪರವಾನಗಿಯಿಂದ ವಿನಾಯಿತಿ ನೀಡಿತು. ಸೂಚನೆ ಸಲ್ಲಿಸಿದರೆ ಸಾಕು. 2018ರಲ್ಲಿ ಆ ಮಿತಿಯನ್ನು 40 ಮೆಗಾವ್ಯಾಟ್‌ಗೆ ಏರಿಸಿತು.

ಹಾಗೆಂದು ಎಲ್ಲ ನಿಯಮವನ್ನೂ ಕಿತ್ತೊಗೆಯಬಹುದೇ? ಇಲ್ಲ. "ಮೊದಲು ಹೊಲಕ್ಕೆ, ಆಮೇಲೆ ಟರ್ಬೈನ್‌ಗೆ" ಎಂಬ ನಿಯಮ ಉಳಿಯಲೇಬೇಕು. ಕರೆಂಟಿಗಾಗಿ ನೀರು ಬಿಡುವ ಹೊತ್ತು ಬದಲಾದರೆ ಕಾಲುವೆಯ ಕೊನೆಯಲ್ಲಿರುವ ರೈತನ ಪೈರು ಒಣಗುತ್ತದೆ. ಬೇಸಿಗೆಯಲ್ಲಿ ಕಾಲುವೆ ಬಂದ್ ಆದಾಗ ಈ ವಿದ್ಯುತ್ತೂ ಇಲ್ಲ ಎಂಬುದನ್ನು ಮರೆಯಬಾರದು.

ಆದರೂ ನೀರು ಹರಿಯುವ ತಿಂಗಳುಗಳಲ್ಲಿ ಸಿಗುವ ಕರೆಂಟು ಚಿಕ್ಕದಲ್ಲ. ಕೊಳವೆಬಾವಿಯ ಪಂಪ್‌ಸೆಟ್ ನಂಬಿರುವ ಕುಷ್ಟಗಿ, ಯಲಬುರ್ಗಾದ ರೈತರನ್ನು ಕೇಳಿದರೆ ಅದರ ಬೆಲೆ ತಿಳಿಯುತ್ತದೆ. ಕಡಿಮೆಯಾಗಬೇಕಾದದ್ದು ಕಚೇರಿಯ ಅಲೆದಾಟ, ರೈತನ ನೀರಿನ ಹಕ್ಕಲ್ಲ.